ತಂದೆಯ ಸಹಿಗಾಗಿ ಬೆಳ್ತಂಗಡಿಗೆ

ಬೆಳಿಗ್ಗೆ ಏಳೂವರೆಗೆ ಬಂಟ್ವಾಳ ಪೇಟೆಯಿಂದ ಮೂಡಬಿದ್ರೆಯ ಬಸ್ಸು ಹತ್ತಿದೆ. ಟಿಕೇಟು ತೊಂಬತ್ತು ಪೈಸೆ. ಚೀಲದಲ್ಲಿ ಮದರಾಸಿನಿಂದ ವಾಪಸು ಬಂದ ಅರ್ಜಿಯಿತ್ತು. ಕಾನೂನಿನ ಸ್ನಾತಕೋತ್ತರ ವಿದ್ಯಾರ್ಥಿಗಳ ವಿನಿಮಯ ಯೋಜನೆಯಲ್ಲಿ ಒಂದು ವರ್ಷ ಜರ್ಮನಿಯಲ್ಲಿ ಓದಲು ನಾನು ಆಯ್ಕೆಯಾಗಿದ್ದೆ. ಅಲ್ಲಿಯವನೊಬ್ಬ ನನ್ನ ಜಾಗಕ್ಕೆ ಮದರಾಸಿನ ನಮ್ಮ ಕಾಲೇಜಿಗೆ ಬರುವವನಿದ್ದ. ಅರ್ಜಿಗೆ ತಂದೆಯ ಒಪ್ಪಿಗೆಯ ಸಹಿ ಬೇಕಿತ್ತು. ನಾನು ಸೋದರಮಾವನ ಸಹಿ ಹಾಕಿಸಿ ಕಳಿಸಿದ್ದೆ. ‘ತಂದೆ ಬದುಕಿದ್ದಾರೆಂದು ನೀವೇ ಬರೆದಿರುವಾಗ ಮಾವನ ಸಹಿ ಏಕೆ?’ ಎಂದು ಕೇಳಿ ಕಚೇರಿಯವರು ಹಿಂದಿರುಗಿಸಿದ್ದರು. ಮರುದಿನದ ಟಪಾಲಿಗೆ ಹಾಕದಿದ್ದರೆ ಸೀಟು ಇನ್ನೊಬ್ಬನಿಗೆ.

ಪ್ರಶ್ನೆ ನ್ಯಾಯವಾದದ್ದೇ. ನಮ್ಮದು ಅಳಿಯಸಂತಾನದ ಮನೆ. ಮಕ್ಕಳು ತಾಯಿಯ ಕುಟುಂಬದವರು, ಯಜಮಾನ ಮಾವ, ಅಪ್ಪ ಬಂದುಹೋಗುವವರು. ಅಮ್ಮ ತೀರಿಕೊಂಡ ಮೇಲೆ ಅವರು ಬರುವುದೂ ನಿಂತಿತ್ತು. ಈ ಪದ್ಧತಿ ತಂದೆಯನ್ನು ನೆಂಟನನ್ನಾಗಿ ಮಾಡುತ್ತದೆ ಎಂದು ಚರ್ಚಾಕೂಟಗಳಲ್ಲಿ ವಾದಿಸಿ ಗೆದ್ದವನು ನಾನು. ನನ್ನನ್ನು ಆಯ್ಕೆ ಮಾಡಿಸಿದ ಪ್ರಬಂಧವೂ ಅದೇ. ಆದರೆ ಅರ್ಜಿ ಕೈಗೆ ಬಂದ ದಿನ ನೇರ ಹೋಗಿದ್ದು ಮಾವನ ಚಾವಡಿಗೆ.

ಸಿದ್ಧಕಟ್ಟೆಯಲ್ಲಿ ಎಂಜಿನ್ನಿಗೆ ನೀರು ಹೊಯ್ಯಲು ಬಸ್ಸು ನಿಂತಿತು. ಚಾ ಕುಡಿದು ಗೋಳಿಬಜೆ ತಿನ್ನುತ್ತ, ಅಪ್ಪನ ಮುಂದೆ ಹೇಳಬೇಕಾದದ್ದನ್ನು ಐದು ಅಂಶಗಳಾಗಿ ಜೋಡಿಸಿಕೊಂಡೆ.

ಮೂಡಬಿದ್ರೆಯಲ್ಲಿ ಅಪ್ಪನ ತಂಗಿಯ ಮನೆ; ಅಪ್ಪ ಇರುವುದು ಅಲ್ಲೇ ಎಂದುಕೊಂಡಿದ್ದೆ. ಅತ್ತೆ ಅಂಗಳದಲ್ಲಿ ಹಪ್ಪಳ ಒಣಗಿಸುತ್ತಿದ್ದರು. ತುಳುವಿನಲ್ಲಿ ನಡೆದ ಮಾತನ್ನು ಕನ್ನಡದಲ್ಲಿ ಕೊಡುತ್ತೇನೆ.

“ಅಣ್ಣನಾ? ಬೆಳ್ತಂಗಡಿಗೆ ಹೋಗಿ ಎರಡು ವರ್ಷ ಆಯ್ತಲ್ಲ ಮಾರಾಯ! ತಾಲೂಕು ಕಚೇರಿಯ ಎದುರು ಜನರಿಗೆ ಅರ್ಜಿ ಬರೆದು ಕೊಡ್ತಾರೆ.”

“ನನಗೆ ಯಾರೂ ಹೇಳಲಿಲ್ಲ.”

“ನೀನು ಕೇಳಿದ್ದುಂಟಾ? ಜರ್ಮನಿಯ ದಾರಿ ಗೊತ್ತುಂಟು, ಅಪ್ಪ ಎಲ್ಲಿದ್ದಾರೆ ಗೊತ್ತಿಲ್ಲ. ಒಳ್ಳೆ ವಕೀಲ! ಬಾ, ಗಂಜಿ ಉಂಡು ಹೋಗು.”

ಉಂಡು, ವೇಣೂರಿನ ಮೇಲೆ ಹೋಗುವ ಬಸ್ಸು ಹಿಡಿದೆ. ಸುಡುಬಿಸಿಲು. ಗುರುವಾಯನಕೆರೆ ದಾಟುವಾಗ ಅಂಗಿಯೆಲ್ಲ ಕೆಂಧೂಳು. ಬೆಳ್ತಂಗಡಿ ತಲುಪಿದಾಗ ಎರಡೂವರೆ.

ಅಪ್ಪ ಒಂದು ಅಂಗಡಿಯ ಜಗಲಿಯಲ್ಲಿ ಸಣ್ಣ ಮೇಜು ಹಾಕಿಕೊಂಡು ಕುಳಿತಿದ್ದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ನನ್ನನ್ನು ಕಂಡು ಪೆನ್ನು ಕೆಳಗಿಟ್ಟರು.

“ಊಟ ಆಯ್ತಾ?”

ಆಯಿತೆಂದು ಅರ್ಜಿ ಕೊಟ್ಟೆ. ಬೇರೆಯವರ ಕಾಗದ ಓದುವಂತೆಯೇ ಮೊದಲಿನಿಂದ ಕೊನೆಯವರೆಗೆ ಓದಿದರು.

“ನಿನ್ನ ಪ್ರಬಂಧದಲ್ಲಿ ಏನು ಬರೆದಿದ್ದಿ?”

“ಮಕ್ಕಳ ಮೇಲೆ ತಂದೆಗೆ ಹಕ್ಕು ಬೇಕು ಅಂತ.”

“ಮಾವನ ಸಹಿ ಹಾಕಿಸು ಅಂತ ಯಾರು ಹೇಳಿದ್ದು?”

“ಯಾರೂ ಹೇಳಲಿಲ್ಲ.”

ಅವರು ತಲೆಯಾಡಿಸಿದರು. ನನ್ನ ಐದು ಅಂಶಗಳನ್ನು ಬದಿಗಿಟ್ಟೆ. ಮಾವನ ಸಹಿಯನ್ನು ಹೊಡೆದುಹಾಕಲೇ ಎಂದಷ್ಟೇ ಕೇಳಿದೆ.

“ಬೇಡ. ನಿನ್ನನ್ನು ಓದಿಸಿದ್ದು ಅವರು. ಅದು ಇರಲಿ. ನಾನು ಮೇಲೆ ಹಾಕ್ತೇನೆ, ಜಾಗ ಉಂಟು.”

ನಿಬ್ಬನ್ನು ಬಟ್ಟೆಯಲ್ಲಿ ಒರೆಸಿ, ಬಾಗಿ ಬಹಳ ಹೊತ್ತು ಬರೆದರು. ಶಾಯಿ ಹೀರಲು ಒತ್ತುಕಾಗದ ಒತ್ತಿ, ಮಡಚಿ ನನ್ನ ಕೈಗಿಟ್ಟರು. “ಅಲ್ಲಿ ಚಳಿ ಜೋರಂತೆ. ಜಾಗ್ರತೆ,” ಎಂದರು. ಕಾಯುತ್ತಿದ್ದ ಮುದುಕಿಯೊಬ್ಬಳು ಮುಂದೆ ಬಂದಳು. ಬಸ್ಸಿನಿಂದ ತಿರುಗಿ ನೋಡಿದಾಗ ಅವರು ಅವಳ ಮಾತಿಗೆ ಕಿವಿಗೊಟ್ಟು ಬರೆಯುತ್ತಿದ್ದರು.

ಪುಂಜಾಲಕಟ್ಟೆ ದಾಟಿದ ಮೇಲೆ ಕಾಗದ ಬಿಚ್ಚಿದೆ. ಸಹಿ ಇತ್ತು. ತಂದೆಯ ವಿಳಾಸವೆಂದು ನಾನು ತುಂಬಿದ್ದ ಮೂಡಬಿದ್ರೆಯ ಮೇಲೆ ಒಂದು ತೆಳ್ಳನೆಯ ಗೆರೆ ಎಳೆದು, ಪಕ್ಕದಲ್ಲಿ ಅಂಗಡಿಯ ಹೆಸರು, ಬೀದಿ, ಬೆಳ್ತಂಗಡಿ ಅಂಚೆ ಎಲ್ಲವನ್ನೂ ದುಂಡಗೆ ಬರೆದಿದ್ದರು.

ಮರುದಿನ ಬಂಟ್ವಾಳದ ಅಂಚೆ ಕಚೇರಿಯಲ್ಲಿ, ಲಕೋಟೆ ಅಂಟಿಸುವ ಮೊದಲು, ಆ ವಿಳಾಸವನ್ನು ನನ್ನ ಪುಸ್ತಕದಲ್ಲಿ ಬರೆದುಕೊಂಡೆ.