ಪಯಸ್ವಿನಿ ದಡದ ಸೈಕಲ್ಲು

ಆಲೆಟ್ಟಿಯ ಕಮಲಾವತಿಗೆ ಒಂದು ಕಡೆ ಕೂತು ಗೊತ್ತಿರಲಿಲ್ಲ. ಊಟಕ್ಕೆ ಕೂತರೂ ನಡುವೆ ಎದ್ದು ಅಂಗಳ ನೋಡಿ ಬರುವವಳು. ಇವಳ ಕಾಲಲ್ಲಿ ಚಕ್ರ ಉಂಟೆಂದು ಅತ್ತೆ ಬಂದವರೆದುರೆಲ್ಲ ಹೇಳುತ್ತಿದ್ದರು. ಮಕ್ಕಳು ಪುತ್ತೂರಿನ ಹಾಸ್ಟೆಲಿಗೆ ಸೇರಿದ ಮೇಲಂತೂ ಮಧ್ಯಾಹ್ನದ ಹೊತ್ತು ಅವಳಿಗೆ ಮನೆಯೊಳಗೆ ಉಸಿರು ಕಟ್ಟಿದಂತಾಗುತ್ತಿತ್ತು.

ಎಂಬತ್ತೆರಡನೇ ಇಸವಿಯಲ್ಲಿ ಗಂಡ ಅಚ್ಚುತ ಹಳೆಯ ಜೀಪೊಂದನ್ನು ಕೊಂಡ. ಅವನ ಸೈಕಲ್ಲು ಸೌದೆಕೊಟ್ಟಿಗೆ ಸೇರಿತು. ಕಮಲಾವತಿ ಅದನ್ನು ಹೊರಗೆಳೆದು, ಕೊಯ್ಲಾದ ಗದ್ದೆಯಲ್ಲಿ ಚೌಕಟ್ಟಿನ ನಡುವೆ ಕಾಲು ತೂರಿಸಿ ಒಳಪೆಡಲು ತುಳಿದು, ಬಿದ್ದು, ಮೊಣಕೈ ತರಚಿಕೊಂಡು ಕಲಿತಳು. ರಸ್ತೆಯಲ್ಲಿ ಹೋದರೆ ಜನ ನಿಂತು ನೋಡುತ್ತಾರೆ. ಅದಕ್ಕೇ ಪಯಸ್ವಿನಿಯ ದಡದ ಕಾಡುದಾರಿ ಹಿಡಿದಳು. ಹಿಂದೆ ಮರ ಸಾಗಿಸಲು ಕಡಿದ ದಾರಿ ಅದು. ಈಗ ಬರೀ ಬೇರು, ಕಲ್ಲು, ತರಗೆಲೆ. ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ ಹೊರಟರೆ, ಇಳಿಜಾರಿನಲ್ಲಿ ಹ್ಯಾಂಡಲು ಗಡಗಡ ನಡುಗುವಾಗ ಮಾತ್ರ ಅವಳ ಮನಸ್ಸು ತಣ್ಣಗಾಗುತ್ತಿತ್ತು. ಆದರೆ ಹಾಲು ಕರೆಯುವ ಹೊತ್ತಿಗೆ ಹಿಂದಿರುಗಬೇಕು. ದಾರಿ ಎಲ್ಲಿಗೆ ಮುಟ್ಟುತ್ತದೆಂದು ನೋಡಲು ಆಗಿರಲೇ ಇಲ್ಲ.

ಒಂದು ದಿನ ತಿರುವಿನಲ್ಲಿ ಬಿದಿರು ಮುರಿಯುವ ಸದ್ದು ಕೇಳಿತು. ಬ್ರೇಕು ಹಿಡಿಯಲಿಲ್ಲ. ಎದುರಿಗೆ ಒಂಟಿ ಸಲಗ. ಕಮಲಾವತಿ ಬದಿಗೆ ಬಿದ್ದು, ಉರುಳಿಕೊಂಡೇ ಹೊಳೆಗಿಳಿದು, ಬಂಡೆಯ ಮರೆಯಲ್ಲಿ ಕುತ್ತಿಗೆವರೆಗಿನ ನೀರಲ್ಲಿ ನಿಂತಳು. ಆನೆ ಸೈಕಲ್ಲನ್ನು ಸೊಂಡಿಲಿನಿಂದ ಎತ್ತಿ ಕುಕ್ಕಿತು, ಕಾಲಿಟ್ಟು ಅದುಮಿತು. ಬೆಲ್ಲು ಒಮ್ಮೆ ಕಿಣಿ ಎಂದಿತು. ಆಮೇಲೆ ಆನೆ ಏನೂ ಆಗಿಲ್ಲವೆಂಬಂತೆ ಕಾಡಿಗೆ ನುಗ್ಗಿತು.

ಒದ್ದೆ ಬಟ್ಟೆಯಲ್ಲೇ ಮನೆ ಸೇರಿ ನಡೆದದ್ದು ಹೇಳಿದ ಅವಳಿಗೆ ಎರಡು ದಿನ ಜ್ವರ. ಎದ್ದ ಮೇಲೆ ಸೈಕಲ್ಲಿನ ಮಾತೆತ್ತಲಿಲ್ಲ. ಆದರೆ ಬಾವಿಕಟ್ಟೆಗೂ ಅಡುಗೆಮನೆಗೂ ಸುಮ್ಮನೆ ಓಡಾಡುತ್ತಿದ್ದಳು; ಒಗೆದ ಬಟ್ಟೆಯನ್ನೇ ಮತ್ತೆ ಒಗೆದಳು. ಅಚ್ಚುತ ಇದನ್ನೆಲ್ಲ ನೋಡುತ್ತಿದ್ದ.

"ಇನ್ನು ಆ ದಾರಿ ಸಾಕಲ್ವಾ?" ಎಂದು ಒಂದು ಬೆಳಿಗ್ಗೆ ಕೇಳಿದ.

"ನನಗೆ ಹೆದರಿಕೆ ಉಂಟು," ಎಂದಳು ಕಮಲಾವತಿ. "ಆದ್ರೆ ಹೀಗೆ ಕೂತ್ರೆ ಅದಕ್ಕಿಂತ ಹೆಚ್ಚು ಹೆದರಿಕೆ ಆಗ್ತದೆ. ನಿಮಗೆ ಎಂತ ಹೇಳುದು ಗೊತ್ತಾಗುದಿಲ್ಲ."

ಅಚ್ಚುತ ಕಾಡಿಗೆ ಹೋಗಿ, ಸೊಟ್ಟಗಾದ ಸೈಕಲ್ಲನ್ನು ಜೀಪಿಗೆ ಹೇರಿ ಸುಳ್ಯದ ಅಬ್ಬಾಸನ ಸೈಕಲ್ ಶಾಪಿಗೆ ಒಯ್ದ. ಆನೆ ತುಳಿದದ್ದೆಂದರೆ ಅಬ್ಬಾಸ್ ನಂಬಲಿಲ್ಲ. ಲಾರಿ ಹತ್ತಿದ್ದೇ ಇರಬೇಕೆಂದು ಹಟ ಹಿಡಿದ. ಚಕ್ರ ಎರಡೂ ಹೊಸತು ಹಾಕಿದ. ಚೌಕಟ್ಟನ್ನು ಬಡಿದು ನೆಟ್ಟಗೆ ಮಾಡಿದರೂ ಸೈಕಲ್ಲು ಎಡಕ್ಕೆ ಎಳೆಯುವುದು ಬಿಡಲಿಲ್ಲ.

ಮೊದಲ ದಿನ ಅಚ್ಚುತ ಬಾಡಿಗೆ ಸೈಕಲ್ಲಿನಲ್ಲಿ ಏದುಸಿರು ಬಿಡುತ್ತ ಹಿಂದೆ ಬಂದ. ಆನೆ ಎದುರಾದ ತಿರುವಿನಲ್ಲೂ ಕಮಲಾವತಿ ಪೆಡಲು ತುಳಿಯುವುದನ್ನು ನಿಲ್ಲಿಸಲಿಲ್ಲ. ಹಾಲು ಕರೆಯಲು ಅತ್ತೆ ಒಪ್ಪಿದ್ದರಿಂದ ಅವರು ಕೊನೆಯವರೆಗೂ ಹೋದರು. ದಾರಿ ಹೊಳೆಯ ಮರಳಿಗೆ ಇಳಿದು ಮುಗಿದುಹೋಗಿತ್ತು.

ಅಚ್ಚುತ ನಿಟ್ಟುಸಿರು ಬಿಟ್ಟು ಮರಳಲ್ಲಿ ಕೂತ. ಕಮಲಾವತಿ ಕೂರಲಿಲ್ಲ. ಆಚೆ ದಡದಲ್ಲಿ ಕಾಲುದಾರಿಯೊಂದು ಗುಡ್ಡ ಹತ್ತುತ್ತಿತ್ತು. ನೀರು ಎಷ್ಟು ಆಳ ಉಂಟೆಂದು ನೋಡಲು ಅವಳು ಆಗಲೇ ಹೊಳೆಗಿಳಿದಿದ್ದಳು.