ಗುಳ್ಳೆ ನೋಡಿ ಕ್ರೇನ್ ನಿಲ್ಲಿಸಿದವಳು

ತಂತಿ ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದದ್ದು ಮೀನಕ್ಕ ಎಂದೇ. ಹಾಗೆಂದು ಅವಳು ಮೀನು ಮಾರುವವಳಲ್ಲ. ಲಿಫ್ಟಿನ ಹಗ್ಗಕ್ಕೆ ಹೋಗುವ ಉಕ್ಕಿನ ತಂತಿಯ ಸುರುಳಿಗಳನ್ನು ಬಿಸಿ ಆಸಿಡ್ ತೊಟ್ಟಿಯಲ್ಲಿ ಅದ್ದಿಸಿ ತುಕ್ಕು ತೆಗೆಸುವವಳು. ಬರೀ ಆಸಿಡ್ ಆದರೆ ತುಕ್ಕಿನ ಜೊತೆ ಉಕ್ಕನ್ನೂ ತಿಂದುಹಾಕುತ್ತದೆ. ಅದಕ್ಕೇ ತೊಟ್ಟಿಗೆ ಎರಡು ಚೊಂಬು ಅಮೀನ್ ಎಂಬ ರಾಸಾಯನಿಕ ಬೀಳಬೇಕು. ಅದು ಉಕ್ಕಿನ ಮೈಗೆ ತೆಳ್ಳಗೆ ಅಂಟಿಕೊಂಡು ಆಸಿಡ್ಡನ್ನು ದೂರ ಇಡುತ್ತದೆ. ತುಕ್ಕು ಮಾತ್ರ ಕರಗುತ್ತದೆ. ವಾಸನೆ ಮಾತ್ರ ಹಳಸಿದ ಮೀನಿನದು. ಮನೆಗೆ ಹೋದರೆ ಗಂಡ ಟವೆಲ್ ಹಿಡಿದು ಬಾಗಿಲಲ್ಲೇ ನಿಂತಿರುತ್ತಿದ್ದ: "ಮೊದಲು ಸ್ನಾನ, ಆಮೇಲೆ ಮಾತು." ಬಸ್ಸಿನಲ್ಲಿ ಪಕ್ಕದ ಸೀಟಿಗೆ ಯಾರೂ ಬರುತ್ತಿರಲಿಲ್ಲ. "ಒಳ್ಳೇದೇ ಆಯ್ತು, ರಾಣಿ ಹಾಗೆ ಕೂತ್ಕೊಂಡು ಬರ್ತೀನಿ" ಎಂದು ನಗುತ್ತಿದ್ದಳು.

ಒಂದು ಬೆಳಿಗ್ಗೆ ಅಮೀನಿನ ಹೊಸ ಡ್ರಮ್ ಬಂತು. ಚೀಟಿ ಅದೇ, ಬಣ್ಣ ಅದೇ. ಎರಡು ಚೊಂಬು ಹೊಯ್ದಳು. ಮೂಗಿಗೆ ಏನೂ ಅಡರಲಿಲ್ಲ. ಅಷ್ಟರಲ್ಲಿ ಕ್ರೇನಿನಿಂದ ಸುರುಳಿ ತೊಟ್ಟಿಗೆ ಇಳಿದಾಗಿತ್ತು. ಸ್ವಲ್ಪ ಹೊತ್ತಿಗೆ ತಂತಿಯ ಉದ್ದಕ್ಕೂ ಗುಳ್ಳೆಗಳು ಬುಸಬುಸನೆ ಏಳತೊಡಗಿದವು. ತುಕ್ಕು ಕರಗುವಾಗ ಇಷ್ಟು ಗುಳ್ಳೆ ಏಳುವುದಿಲ್ಲ. ಇದು ಉಕ್ಕೇ ಕರಗುವ ಲಕ್ಷಣ.

"ಎತ್ತಣ್ಣ, ಬೇಗ ಎತ್ತು! ಎತ್ತಿ ಕ್ರೇನ್ ನಿಲ್ಲಿಸು!" ಎಂದು ಕ್ರೇನಿನವನಿಗೆ ಕೂಗಿದಳು.

ಮೇಲ್ವಿಚಾರಕ ಓಡಿ ಬಂದ. "ಯಾರನ್ನ ಕೇಳಿ ನಿಲ್ಲಿಸಿದ್ರಿ? ಮಧ್ಯಾಹ್ನಕ್ಕೆ ಲೋಡ್ ಹೋಗ್ಬೇಕು. ಡ್ರಮ್ಮಿಗೆ ಸರ್ಟಿಫಿಕೇಟ್ ಇದೆ."

"ಸರ್ಟಿಫಿಕೇಟನ್ನೇ ತೊಟ್ಟಿಗೆ ಹಾಕಿದ್ರೆ ಗುಳ್ಳೆ ನಿಲ್ಲುತ್ತಾ ಸಾರ್?"

ಅವನ ಮುಖ ಕೆಂಪಾಯಿತು. ಅವಳು ವಾದಕ್ಕೆ ನಿಲ್ಲಲಿಲ್ಲ. ಎರಡು ಗಾಜಿನ ಜಾಡಿಗೆ ಆಸಿಡ್ ತುಂಬಿ, ಒಂದಕ್ಕೆ ಹಳೆ ಡ್ರಮ್ಮಿನ ತಳದಲ್ಲಿ ಉಳಿದಿದ್ದ ಅಮೀನ್, ಇನ್ನೊಂದಕ್ಕೆ ಹೊಸದು ಹಾಕಿದಳು. ಎರಡರಲ್ಲೂ ಒಂದೊಂದು ತಂತಿ ತುಂಡು ಇಳಿಬಿಟ್ಟು ಊಟಕ್ಕೆ ಹೋದಳು. ತನ್ನ ಲೆಕ್ಕ ತಪ್ಪಿದ್ದರೆ ಕೆಲಸಕ್ಕೇ ಸಂಚಕಾರ.

ಊಟ ಮುಗಿಸಿ ಬಂದು ನೋಡಿದರೆ ಹಳೆಯದರಲ್ಲಿದ್ದ ತುಂಡು ತೊಳೆದಿಟ್ಟ ಹಾಗಿತ್ತು. ಹೊಸದರಲ್ಲಿದ್ದದ್ದು ಸವೆದು ಸಣ್ಣಗಾಗಿತ್ತು. ಮೇಲ್ವಿಚಾರಕ ಕೈಗವಸು ಹಾಕಿಕೊಂಡು ಅದನ್ನು ಬಗ್ಗಿಸಿದ, ಪಟ್ಟನೆ ಮುರಿಯಿತು. ತುಂಡುಗಳನ್ನು ಹಿಡಿದುಕೊಂಡು ಅವನು ಆಫೀಸಿನ ಕಡೆ ನಡೆದ.

ಡ್ರಮ್ ವಾಪಸು ಹೋಯಿತು, ಸುರುಳಿ ಗುಜರಿಗೆ ಹೋಯಿತು. ಕಾರ್ಖಾನೆಯವರು ಸಭೆಯಲ್ಲಿ ಅವಳಿಗೆ ಶಾಲು ಹೊದಿಸುತ್ತೇವೆಂದರು.

"ಶಾಲು ಬೇಡ ಸಾರ್. ನಾನು ನಿಲ್ಲಿಸು ಅಂದ್ರೆ ಕ್ರೇನ್ ನಿಲ್ಲಬೇಕು. ಅಷ್ಟು ಬರೆದು ಕೊಡಿ."

ಬರೆದು ಗೋಡೆಗೆ ಅಂಟಿಸಿದರು. ಆಮೇಲಿನ ಹನ್ನೊಂದು ವರ್ಷಗಳಲ್ಲಿ ಅವಳು ನಾಲ್ಕು ಸಲ ಕ್ರೇನ್ ನಿಲ್ಲಿಸಿದಳು. ಮೂರು ಸಲ ಅವಳದೇ ಸರಿಯಾಗಿತ್ತು. ನಾಲ್ಕನೆಯ ಸಲ ಯಾರೋ ನೆಲ ತೊಳೆದ ಸೋಪಿನ ನೀರು ತೊಟ್ಟಿಗೆ ಹರಿದು ನೊರೆ ಎದ್ದಿತ್ತು, ಅಷ್ಟೇ. ವಾರವಿಡೀ ಇಡೀ ಶೆಡ್ಡು ನಕ್ಕಿತು, ಅವಳೂ ನಕ್ಕಳು. ಆದರೆ ಕ್ರೇನಿನವನು ಆ ದಿನವೂ ಮರುಮಾತಿಲ್ಲದೆ ಸುರುಳಿ ಎತ್ತಿದ್ದ.