ನರಸಮ್ಮತ್ತೆ ಮತ್ತು ಉಣ್ಣಲೊಲ್ಲದ ಸಾವ್ಕಾರ್ರು

ಮಗುವಿಗೆ ತುತ್ತು ಕೊಡುವಾಗ ನರಸಮ್ಮತ್ತೆಯ ಬಾಯಿಯೂ ತೆರೆದುಕೊಳ್ಳುತ್ತಿತ್ತು. ಕೈ ಮಗುವಿನ ಹತ್ತಿರ ಹೋದಷ್ಟೂ ಇವಳ ಬಾಯಿ ಅಗಲವಾಗುತ್ತಿತ್ತು. ತುತ್ತು ಒಳಗೆ ಹೋದ ಮೇಲೆ ತಾನೂ ಅಗಿದು, ತಾನೂ ನುಂಗುತ್ತಿದ್ದಳು. ಇದನ್ನು ಹೇಳಿದರೆ ಮಾತ್ರ ನಂಬುತ್ತಿರಲಿಲ್ಲ. "ನನಗೇನ್ ಹುಚ್ಚು ಹಿಡದೈತೇನ?" ಎಂದು ನಮ್ಮನ್ನೇ ಬೈಯುತ್ತಿದ್ದಳು.

ಅವಳು ನಮ್ಮಪ್ಪನ ಅಕ್ಕ. ಆದವಾನಿಯಲ್ಲಿ ನಮ್ಮ ಮನೆಗೆ ಅಂಟಿಕೊಂಡಿದ್ದ ಮನೆಯಲ್ಲೇ ಇದ್ದಳು. ಮಾವ ರೈಲ್ವೆಯಲ್ಲಿ ಕೆಲಸಕ್ಕಿದ್ದರು. ಅವರದು ಮಾತು ಕಡಿಮೆ; ಅವರ ಪಾಲಿನದನ್ನೂ ಅತ್ತೆಯೇ ಆಡಿ ಮುಗಿಸುತ್ತಿದ್ದಳು. ಓಣಿಯಲ್ಲಿ ಯಾವ ಮಗು ಊಟಕ್ಕೆ ಹಟ ಮಾಡಿದರೂ ತಾಯಂದಿರು ತಟ್ಟೆಯ ಸಮೇತ ಎತ್ತಿಕೊಂಡು ಇವಳ ಕಟ್ಟೆಗೆ ಬರುತ್ತಿದ್ದರು. ಹತ್ತಿ ಬಂಡಿಯ ಎತ್ತಿಗೆ ನೆಗಡಿಯಾದ ಕಥೆ, ಗೂಡ್ಸ್ ಗಾಡಿ ದಾರಿ ತಪ್ಪಿ ಸಂತೆಗೆ ಹೋದ ಕಥೆ, ಹೀಗೆ ಏನೇನೋ ಹೇಳುತ್ತಿದ್ದಳು. ಮಗು ಕಣ್ಣರಳಿಸಿ ಕೇಳುತ್ತಿರುವಾಗಲೇ ತಟ್ಟೆ ಬರಿದಾಗಿರುತ್ತಿತ್ತು. "ನನ್ ಕೈಯಾಗ ಉಣ್ಣಲಾರದ ಜೀವ ಇನ್ನಾ ಹುಟ್ಟಿಲ್ಲ" ಎಂದು ಸೆರಗಿಗೆ ಕೈ ಒರೆಸಿಕೊಳ್ಳುವಳು. ಊಟಕ್ಕೆ ಮೂಗು ಮುರಿಯುತ್ತಿದ್ದ ನನ್ನನ್ನು ಬೆಳೆಸಿದ್ದೂ ಆ ಕೈಯೇ.

ಆ ಜೀವ ಹುಟ್ಟಿತ್ತು. ಒಂದು ಬೇಸಿಗೆ ನಾಗಲದಿನ್ನೆಯಿಂದ ಕರಬೂಜದ ಬುಟ್ಟಿಯಲ್ಲಿ ಕೂತು ನಮ್ಮ ಮನೆಗೇ ಬಂತು. ತುಂಗಭದ್ರೆ ಬತ್ತಿದಾಗ ಅಲ್ಲಿಯವರು ಹೊಳೆಯ ಮರಳಿನಲ್ಲೇ ಕರಬೂಜ ಬೆಳೆಯುತ್ತಾರೆ. ಹಣ್ಣು ಮಾರುವ ಹನುಮಂತಪ್ಪ, ಬಳ್ಳಿಯ ಕೆಳಗೆ ಹಣ್ಣು ಕೊರೆಯುತ್ತಿದ್ದ ಮರಿ ಆಮೆಯನ್ನು ಹಿಡಿದು ತಂದು ನನ್ನ ಕೈಗಿಟ್ಟ. ಅಂಗೈಯಷ್ಟು ಆಮೆ, ಕಪ್ಪು ಚಿಪ್ಪಿನ ಮೇಲೆ ಹಳದಿ ಗೆರೆಗಳ ನಕ್ಷತ್ರಗಳು. ಕರಬೂಜ ಇಟ್ಟರೆ ಗಬಗಬ ತಿನ್ನುತ್ತಿತ್ತು. ಬೇರೆ ಏನಿಟ್ಟರೂ ಕತ್ತು ಒಳಗೆಳೆದುಕೊಂಡು ಬಾಗಿಲು ಹಾಕಿಬಿಡುತ್ತಿತ್ತು. ಆ ಗತ್ತು ನೋಡಿ ಅತ್ತೆ ಅದಕ್ಕೆ ಸಾವ್ಕಾರ್ರು ಎಂದು ಹೆಸರಿಟ್ಟಳು.

ಮಳೆಗಾಲ ಬಂತು. ಹೊಳೆಗೆ ನೀರು ಬಂದರೆ ಮರಳಿನ ಬಳ್ಳಿಗಳೆಲ್ಲ ಕೊಚ್ಚಿಹೋಗುತ್ತವೆ. "ಇದೇ ಕಡೀ ಬುಟ್ಟಿ ನೋಡ್ರಿ" ಎಂದು ಹನುಮಂತಪ್ಪ ಹೇಳಿ ಹೋದ. ಅವ್ವ ಖಡಾಖಂಡಿತವಾಗಿ ಹೇಳಿದಳು: "ಹಣ್ಣು ಮುಗದ ಮ್ಯಾಲೆ ಅದು ನಮ್ ಮನ್ಯಾಗ ಉಪಾಸ ಸಾಯೋದು ನಾ ನೋಡಂಗಿಲ್ಲ. ಬ್ಯಾರೇದು ತಿಂದ್ರ ಇರ್ಲಿ, ಇಲ್ಲಂದ್ರ ಹೊರಗ ಬಿಟ್ಟು ಬಾ." ನಾನು ಆಮೆಯನ್ನೆತ್ತಿಕೊಂಡು ಅಳುತ್ತ ಅತ್ತೆಯ ಮನೆಗೆ ಓಡಿದೆ.

ಅತ್ತೆ ಸೆರಗು ಬಿಗಿದಳು. ಮೊದಲು ಜೋಳದ ರೊಟ್ಟಿಯನ್ನು ಮಜ್ಜಿಗೆಯಲ್ಲಿ ನೆನೆಸಿ ಇಟ್ಟಳು. ಮುಟ್ಟಲಿಲ್ಲ. ನಮ್ಮ ಕಡೆಯವರಿಗೆ ಪ್ರಾಣವಾದ ಹುಳಿಸೊಪ್ಪಿನ ಪುಂಡಿಪಲ್ಯ ಮಾಡಿದಳು, ಬೆಳ್ಳುಳ್ಳಿ ಒಗ್ಗರಣೆ ಸಹಿತ. ಸಾವ್ಕಾರ್ರು ಅದರ ಮೇಲೆ ಕಾಲಿಟ್ಟುಕೊಂಡು ಆಚೆ ಹೋದರು. "ಪುಂಡಿಪಲ್ಯ ಬ್ಯಾಡಂದ್ರ ಇದು ನಮ್ ಸೀಮಿ ಆಮೀನ ಅಲ್ಲ" ಎಂದು ಅತ್ತೆಗೆ ಸಿಟ್ಟೇ ಬಂತು. ದೃಷ್ಟಿಯಾಗಿರಬೇಕೆಂದು ಉಪ್ಪು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಘಾಟಿಗೆ ಓಣಿಯೆಲ್ಲ ಕೆಮ್ಮಿತು. ದೃಷ್ಟಿಯಾಗಿದ್ದರೆ ಘಾಟು ಬರುತ್ತಿರಲಿಲ್ಲವೆಂದು ತಾನೇ ತೀರ್ಮಾನಿಸಿದಳು. ಆಗ ಆಂಧ್ರ ರಾಜ್ಯವಾಗಿ ನಮ್ಮೂರು ಅದಕ್ಕೆ ಸೇರಿದ ಹೊಸತು. "ಪಾಪ, ಇದಕ್ಕ ಕನ್ನಡ ಬರಂಗಿಲ್ಲೇನೋ" ಎಂದವಳೇ ಚಿಪ್ಪಿನ ಹತ್ತಿರ ಬಾಯಿಟ್ಟು ತೆಲುಗಿನಲ್ಲಿ ಶುರುಮಾಡಿದಳು: "ತಿನು ನಾಯನಾ, ತಿನು. ಮಾ ಬಂಗಾರು ಕದೂ!" ಬಂಗಾರ ಇನ್ನಷ್ಟು ಒಳಗೆ ಹೋಯಿತು.

ಕೊನೆಗೆ ಒಂದೇ ಹಣ್ಣು ಉಳಿಯಿತು. ಅದರಲ್ಲಿ ಅರ್ಧ ಸಾವ್ಕಾರ್ರ ಹೊಟ್ಟೆ ಸೇರಿದ ದಿನ ಅತ್ತೆ ನಗಲಿಲ್ಲ. "ಕಣ್ಮುಂದ ಒಂದು ಜೀವ ಉಪಾಸ ಇರತೈತಿ ಅಂದ್ರ ನನಗ ಗಂಟಲಾಗ ತುತ್ತು ಇಳಿಯಂಗಿಲ್ಲವ್ವ" ಎಂದಳು. ಅವಳೂ ಸೋಲಬಲ್ಲಳೆಂದು ನನಗೆ ಅಂದೇ ತಿಳಿದದ್ದು. ಬಹಳ ಹೆದರಿಕೆಯಾಯಿತು.

ಮರುದಿನ ಬೆಳಿಗ್ಗೆ ಅವಳ ದವಡೆ ಬಾತಿತ್ತು. ಹಲ್ಲುನೋವು. ಲವಂಗ ಕಚ್ಚಿಕೊಂಡು, ಕೈಸನ್ನೆಯಲ್ಲೇ ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡು ಮಾವನ ಊಟಕ್ಕೆ ಹಕ್ಕರಕಿ ಹೆಚ್ಚುತ್ತಿದ್ದಳು. ಹೊಲದ ಬದುವಿನಲ್ಲಿ ತಾನಾಗಿ ಬೆಳೆಯುವ ಸೊಪ್ಪು ಅದು. ನಮ್ಮ ಕಡೆ ರೊಟ್ಟಿಯ ಜೊತೆ ಹಸಿಯಾಗಿಯೇ ತಿನ್ನುತ್ತಾರೆ. ನೋವಿನ ಭರದಲ್ಲಿ ಅವಳು ಹಿಂದಿನ ದಿನ ಕರಬೂಜ ಹೆಚ್ಚಿಟ್ಟಿದ್ದ ತಾಟನ್ನು ತೊಳೆದಿರಲಿಲ್ಲ. ಸೊಪ್ಪು ಅದರೊಳಕ್ಕೇ ಬೀಳುತ್ತಿತ್ತು. ಮನೆಯಲ್ಲಿ ಎಂದೂ ಇಲ್ಲದ ಸದ್ದಡಗಿದ ಹೊತ್ತು. ಮೂಲೆಯಿಂದ ಸಾವ್ಕಾರ್ರು ಹೊರಬಂದರು. ಕತ್ತು ಚಾಚಿ ತಾಟು ಮೂಸಿದರು. ಒಂದೆಸಳು ಕಚ್ಚಿದರು, ಮತ್ತೊಂದು. ನಾನು ಕಿರುಚಲು ಬಾಯಿ ತೆರೆಯುವುದರೊಳಗೆ ಅತ್ತೆಯ ಕೈ ನನ್ನ ಬಾಯಿ ಮುಚ್ಚಿತ್ತು. ಇನ್ನೊಂದು ಕೈಯಿಂದ ಸಂತೋಷಕ್ಕೆ ನನ್ನ ಬೆನ್ನಿಗೆ ಗುದ್ದುತ್ತಿದ್ದಳು.

ತನ್ನ ಮಾತಿಗೇ ಅದು ಹೆದರುತ್ತಿತ್ತೆಂದೂ ತಾಟಿನಲ್ಲಿದ್ದ ಹಣ್ಣಿನ ವಾಸನೆಗೆ ಸೊಪ್ಪು ಮುಟ್ಟಿತೆಂದೂ ಅತ್ತೆಗೆ ಆಗ ಹೊಳೆಯಿತು. ಉಳಿದ ಅರ್ಧ ಹಣ್ಣನ್ನು ಒದ್ದೆ ಬಟ್ಟೆ ಸುತ್ತಿ ಇಟ್ಟು, ದಿನವೂ ಸೊಪ್ಪಿಗೆ ಒಂದಿಷ್ಟು ರಸ ಹಿಂಡಿ, ಕಡಿಮೆ ಮಾಡುತ್ತಾ ಹೋದಳು. ಹಣ್ಣು ಮುಗಿದದ್ದು ಸಾವ್ಕಾರ್ರಿಗೆ ಗೊತ್ತೇ ಆಗಲಿಲ್ಲ. ಹಲ್ಲುನೋವು ವಾಸಿಯಾದರೂ ಅವರ ಊಟದ ಹೊತ್ತಿಗೆ ಅತ್ತೆ ತುಟಿ ಬಿಗಿದು ಕೂರುತ್ತಿದ್ದಳು. ಅವಳಿಗೆ ಅದೆಷ್ಟು ಕಷ್ಟವೆಂದು ಅವಳ ಮುಖವೇ ಹೇಳುತ್ತಿತ್ತು. ನರಸಮ್ಮ ಮೌನವ್ರತ ಹಿಡಿದಿದ್ದಾಳೆಯೇ ಎಂದು ಓಣಿಯವರು ಮಾವನನ್ನು ಕೇಳಿದರು. "ಅಷ್ಟು ಪುಣ್ಯ ಮಾಡಿಲ್ರಿ ನಾ" ಎಂದರು ಮಾವ.

ದಸರೆ ಕಳೆದ ಮೇಲೆ ಮಾವನಿಗೆ ಗುಂತಕಲ್ಲಿಗೆ ವರ್ಗವಾಯಿತು. ಆಮೆಯನ್ನು ನೀನೇ ಒಯ್ಯಿ ಎಂದೆ. "ನಾ ಒಯ್ದ್ರ ಮುದ್ದು ಮಾಡಿ ಕೆಡಿಸ್ತೀನಿ. ನಿನ್ನ ಹಂತ್ಯಾಕ ಇರ್ಲಿ" ಎಂದಳು. ಅಲ್ಲಿಗೆ ಹೋದವಳು ಮತ್ತೆ ಬರಲಿಲ್ಲ, ಅಲ್ಲಿಯೇ ತೀರಿಕೊಂಡಳು. ನಾನು ಅವಳನ್ನು ಕೊನೆಯ ಸಲ ನೋಡಿದ್ದು ಅವರು ಹೊರಟ ಬೆಳಿಗ್ಗೆ.

ಜಟಕಾ ಬಾಗಿಲಲ್ಲಿ ನಿಂತಿತ್ತು. ಅತ್ತೆ ಒಂದು ಹಿಡಿ ಹಕ್ಕರಕಿ ಹಿಡಿದು ನಮ್ಮ ಹಿತ್ತಲಿಗೆ ಬಂದಳು. ಸಾವ್ಕಾರ್ರು ದಾಸವಾಳದ ಗಿಡದ ಕೆಳಗೆ ಉದುರಿದ ಹೂವು ಮೇಯುತ್ತಿದ್ದರು. ಅವಳು ಕುಕ್ಕರುಗಾಲಲ್ಲಿ ಕೂತು, ಸದ್ದು ಮಾಡದೆ ಸೊಪ್ಪು ಮುಂದೆ ಹಿಡಿದಳು. ಅದು ಒಮ್ಮೆ ಮೂಸಿ, ತಿರುಗಿ ಹೂವಿಗೇ ಬಾಯಿ ಹಾಕಿತು.

"ನೋಡಿದ್ಯಾ? ಹೊಟ್ಟಿ ತುಂಬೈತಿ ಅದರದು. ಇನ್ನ ನಾ ಇಲ್ಲದಿದ್ರೂ ಉಣ್ತೈತಿ ಬಿಡು" ಎಂದಳು. ನಗುತ್ತಲೇ ಹೇಳಿದಳು, ಕಣ್ಣು ಮಾತ್ರ ತುಂಬಿತ್ತು. ಹೊರಗಿನಿಂದ ಮಾವ ಕೂಗಿದರು. ಅತ್ತೆಗೆ ಸೊಪ್ಪು ಎಸೆಯಲು ಮನಸ್ಸಾಗಲಿಲ್ಲ. ಹಿಡಿಯಲ್ಲಿದ್ದದ್ದನ್ನು ತಾನೇ ಬಾಯಿಗೆ ಹಾಕಿಕೊಂಡು, ಅಗಿಯುತ್ತಾ ಹೋಗಿ ಜಟಕಾ ಹತ್ತಿದಳು.